ಕೆಂಪು ಓಣಿಯ ಅಂಗೈಗಳು

"ಕೈ ಎತ್ತಿ," ಅಂದಳು ನರ್ಸಮ್ಮ.

ಇಪ್ಪತ್ತೇಳು ಮಕ್ಕಳು ಕೈ ಎತ್ತಿದವು. ಐವತ್ತನಾಲ್ಕು ಅಂಗೈ. ಎಲ್ಲವೂ ಕೆಂಪು.

ನರ್ಸಮ್ಮ ಚರಂಡಿಯ ಆಚೆ ನಿಂತಿದ್ದಳು. ಈಚೆ ಅವಳು ಯಾವತ್ತೂ ಬಂದವಳಲ್ಲ. ಚರಂಡಿಗೆ ಅಡ್ಡಲಾಗಿ ಒಂದು ಹಲಗೆ ಇತ್ತು, ದಾಟಿದರೆ ನಾಲ್ಕು ಹೆಜ್ಜೆ. ಆದರೆ ಈಚೆ ಏನನ್ನು ಮುಟ್ಟಿದರೂ ಬಣ್ಣ ಹತ್ತುತ್ತದೆ, ಅವಳ ಬಟ್ಟೆಯೋ ಬಿಳಿ. ಹಾಗಾಗಿ ಆಚೆಯಿಂದಲೇ ಒಮ್ಮೆ ಕಣ್ಣಾಡಿಸಿ ಪುಸ್ತಕದಲ್ಲಿ ಇಪ್ಪತ್ತೇಳು ಗೀಟು ಎಳೆದಳು. ಅಂಗೈ ಕೆಂಪಗಿದ್ದರೆ ಮಗುವಿನ ಮೈಯಲ್ಲಿ ರಕ್ತ ಇದೆ, ಬಿಳಚಿಕೊಂಡಿದ್ದರೆ ಇಲ್ಲ. ಹಾಗಂತ ಅವಳಿಗೆ ಯಾರೋ ಕಲಿಸಿದ್ದರು. ಕಲಿಸಿದವರು ಬಣ್ಣದ ಕಾರ್ಖಾನೆಯ ಓಣಿ ನೋಡಿರಲಿಲ್ಲ.

"ಎಲ್ಲಾ ಗಟ್ಟಿಮುಟ್ಟಾಗಿದಾವೆ. ಇಳಿಸಿ."

ಮಕ್ಕಳು ಕೈ ಇಳಿಸಿದವು. ಒಂದು ಮಾತ್ರ ಇಳಿಸಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿಕೊಂಡು ಹಾಗೇ ನಿಂತಿತ್ತು. ಅದು ಅಭ್ಯಾಸ. ಆ ಹೆಣ್ಣುಮಗುವಿಗೆ ನಾಲ್ಕು ವರ್ಷ. ಓಣಿಯವರು ಅದನ್ನು ಇಲಿ ಅಂತ ಕರೆಯುತ್ತಿದ್ದರು.

ಓಣಿಗೆ ಕೆಂಪು ಓಣಿ ಅಂತ ಹೆಸರು ಬಂದದ್ದು ಕಾರ್ಖಾನೆಯ ಕೆಂಪು ಬಾನಿಗಳಿಂದ. ಪಕ್ಕದ್ದು ನೀಲಿ ಓಣಿ. ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ. ಯಾರು ಯಾವ ಬಾನಿಯಲ್ಲಿ ಕೈ ಅದ್ದುತ್ತಾರೋ ಆ ಬಣ್ಣ ಮೊಣಕೈತನಕ ಹತ್ತುತ್ತದೆ, ದಿನಾ ಅದ್ದುವ ಕೈಯನ್ನು ಅದು ಬಿಡುವುದೂ ಇಲ್ಲ. ನೀಲಿ ಓಣಿಯ ಮಕ್ಕಳ ಅಂಗೈ ನೋಡಿ ನರ್ಸಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಪರವಾಗಿಲ್ಲ" ಅಂತ ಬರೆದುಕೊಂಡು ಹೋದಳಂತೆ. ಈ ಮಾತು ಹೇಳಿಕೊಂಡು ಹೆಂಗಸರು ನಗುತ್ತಾರೆ. ನಗದೆ ಇನ್ನೇನು ಮಾಡುವುದು.

ಇಲಿಯ ತಾಯಿ ನೂಲಿನ ಲಡಿ ಹಿಂಡುವವಳು. ಹಿಂಡುವವಳು ಅಂತಲೇ ಅವಳ ಹೆಸರು. ಕುದಿಯುವ ಬಾನಿಯಿಂದ ಕೋಲಿನಲ್ಲಿ ಲಡಿ ಎತ್ತಬೇಕು. ಬಿಸಿ ಆರುವ ಮುಂಚೆ ತಿರುಚಬೇಕು. ಒಂದು ಕೈ ಎಡಕ್ಕೆ, ಒಂದು ಕೈ ಬಲಕ್ಕೆ, ಹೊಟ್ಟೆಯಿಂದ ಬಲ ಹಾಕಿ. ಹೆರಿಗೆಯ ಹಿಂದಿನ ದಿನವೂ ಅವಳು ಹಿಂಡಿದ್ದಳು. ಕಣ್ಣು ಕತ್ತಲೆ ಬಂದು ಬಾನಿಯ ಅಂಚು ಹಿಡಿದುಕೊಂಡಿದ್ದಳು. ಅಂಗೈ ಸುಟ್ಟ ಗುರುತು ಬಣ್ಣದೊಳಗೆ ಎಲ್ಲೋ ಇದೆ.

ಹಿಂಡಿದ ಲಡಿಯನ್ನು ಹಸಿಯಿರುವಾಗಲೇ ಬಿಡಿಸಿ ಉಂಡೆ ಸುತ್ತಬೇಕು. ಒಣಗಿದರೆ ಸಿಕ್ಕು ಬೀಳುತ್ತದೆ. ಸುತ್ತುವುದಕ್ಕೆ ಲಡಿಯನ್ನು ಎರಡು ಗೂಟಕ್ಕೆ ತೊಡಿಸಬೇಕು. ಕಾರ್ಖಾನೆಯವರು ಗೂಟ ಕೊಡುವುದಿಲ್ಲ. ಮಕ್ಕಳಿದ್ದಾವಲ್ಲ.

ನಡೆಯಲು ಬಂದ ಮಗು ಎರಡು ಕೈ ಚಾಚಿ ನಿಂತರೆ ಅದೇ ಗೂಟ. ಐದು ತುಂಬಿದವು ಓಡಿಹೋಗುತ್ತವೆ, ಮಾತು ಕೇಳುವುದಿಲ್ಲ. ಐದರೊಳಗಿನವು ಹೇಳಿದ ಕಡೆ ನಿಲ್ಲುತ್ತವೆ, ಬರಿಗಾಲಲ್ಲಿ, ಬಾನಿಯ ನೀರು ಹರಿಯುವ ಜಾಗದಲ್ಲಿ. ಕೆಲಸ ಕೊಡುವ ಮೊದಲು ಮೇಸ್ತ್ರಿ ಕೇಳುವುದೇ ಅದು, "ನಿಮ್ಮನೇಲಿ ಗೂಟ ಎಷ್ಟು?" ಹೊರಗಿನವರು ಯಾರಾದರೂ ಬಂದು ಮಕ್ಕಳ ಕೈಲಿ ಕೆಲಸ ಮಾಡಿಸ್ತೀರಾ ಅಂದರೆ ಅವನ ಹತ್ತಿರ ಉತ್ತರ ಸಿದ್ಧ. "ಎಲ್ಲಿ ಮಾಡ್ತಾವೆ ಸಾರ್, ಸುಮ್ನೆ ನಿಂತಿದಾವೆ."

ನಿಂತಲ್ಲೇ ತೂಕಡಿಸದ ಹಾಗೆ ದಿನಕ್ಕೆ ಮೂರು ಸಲ ಕಾರ್ಖಾನೆಯ ಟೀ. ಹಾಲಿಲ್ಲದ ಟೀ, ಸಕ್ಕರೆ ಜಾಸ್ತಿ. ಇದು ಯಜಮಾನರ ಧರ್ಮ ಅಂತ ಮೇಸ್ತ್ರಿ ಹೇಳುತ್ತಿದ್ದ. ಅದರಲ್ಲಿ ಅದ್ದಿಕೊಳ್ಳಲು ಒಂದು ಚೂರು ಬ್ರೆಡ್ಡು, ಮನೆಗೆ ಬಂದರೆ ತೆಳ್ಳನೆ ಗಂಜಿ. ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಹಾಗೆ ಇರುತ್ತದೆ, ಅಷ್ಟೆ.

ಇಲಿಗೆ ಅದೂ ಸಾಲುತ್ತಿರಲಿಲ್ಲ. ಅದು ಗೋಡೆ ತಿನ್ನುತ್ತಿತ್ತು. ಸುಣ್ಣ ಬಳಿದ ಗೋಡೆಯನ್ನು ಉಗುರಿನಲ್ಲಿ ಕೆರೆದು, ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು, ಯಾರಿಗೂ ಕಾಣದ ಹಾಗೆ ನುಂಗುತ್ತಿತ್ತು. ಹೆಸರು ಬಂದದ್ದೇ ಹಾಗೆ.

"ಇನ್ನೆರಡು ವರ್ಷ ಬಿಟ್ರೆ ಈ ಮನೆ ಇರಲ್ಲ ಕಣೇ," ಅನ್ನುತ್ತಿದ್ದಳು ಹಿಂಡುವವಳ ಅತ್ತೆ. "ನಿನ್ನ ಮಗಳ ಹೊಟ್ಟೇಲಿರುತ್ತೆ. ನಾವೆಲ್ಲ ಅಲ್ಲೇ ಹೋಗಿ ಸಂಸಾರ ಮಾಡಬೇಕು."

ಹಿಂಡುವವಳು ನಗುತ್ತಿರಲಿಲ್ಲ. ಕಂಡಾಗಲೆಲ್ಲ ಹೊಡೆಯುತ್ತಿದ್ದಳು. ದಿನವಿಡೀ ಲಡಿ ತಿರುಚಿದ ಕೈ ಅದು. ಎಷ್ಟು ಜೋರಾಗಿ ಬೀಳುತ್ತಿತ್ತು ಅಂತ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇಲಿ ಬಿದ್ದಿತು. ಕೈಗೆ ಲಡಿ ತೊಡಿಸಿ ಹತ್ತು ಸುತ್ತು ಸುತ್ತಿರಲಿಲ್ಲ, ಮೊಣಕಾಲು ಮಡಚಿ ಕೆಸರಿಗೆ ಕುಸಿಯಿತು. ಹಿಂಡುವವಳು ಹಾರಿ ಹೋಗಿ ಮೊದಲು ಲಡಿ ಎತ್ತಿದಳು. ಕೆಸರು ತಾಗಿದೆಯಾ ಅಂತ ತಿರುಗಿಸಿ ನೋಡಿದಳು. ಮೊಳೆಗೆ ನೇತುಹಾಕಿದಳು. ಆಮೇಲೆ ಮಗುವನ್ನು ಎತ್ತಿದಳು.

ಮಗುವಿನ ತುಟಿ ಬೂದಿಯ ಹಾಗಿತ್ತು. ಎದೆ ಅಂಗಿಯ ಮೇಲಿನಿಂದಲೇ ಕಾಣುವ ಹಾಗೆ ಬಡಿದುಕೊಳ್ಳುತ್ತಿತ್ತು. ಕಣ್ಣು ಬಿಟ್ಟು ಮೊದಲು ಹೇಳಿದ್ದು, "ನಾನು ಕೈ ಇಳಿಸ್ಲಿಲ್ಲಮ್ಮ."

ತಾನು ಮೊದಲು ಲಡಿ ಎತ್ತಿದ್ದನ್ನು ಮಗು ನೋಡಿತ್ತೇ ಅಂತ ಅವಳು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ನರ್ಸಮ್ಮನ ಚೀಟಿ ಬೇಕು. ನರ್ಸಮ್ಮ ಬಂದ ದಿನ ಮಗುವನ್ನು ಕಂಕುಳಲ್ಲಿ ಹಾಕಿಕೊಂಡು ಚರಂಡಿಯ ಅಂಚಿಗೆ ಹೋಗಿ ನಿಂತಳು.

"ಅಮ್ಮಾ, ಮಗು ಬಿದ್ದೋಯ್ತು. ಹತ್ತು ಹೆಜ್ಜೆ ನಡೆದ್ರೆ ಏದುಸಿರು. ಚೀಟಿ ಬರ್ಕೊಡಿ."

"ಕೈ ತೋರಿಸು," ಅಂದಳು ಆಚೆಯಿಂದ ನರ್ಸಮ್ಮ. "ಕೆಂಪಗಿದೆಯಲ್ಲಮ್ಮ."

"ಅದು ಬಣ್ಣ."

"ಹಾಗಾದ್ರೆ ತೊಳ್ಕೊಂಡು ಬಾ."

"ತೊಳೆದ್ರೆ ಹೋಗಲ್ಲ ಅಮ್ಮಾ. ತುಟಿ ನೋಡಿ, ಕಣ್ಣು ನೋಡಿ. ಒಂದ್ಸಲ ಈಚೆ ಬನ್ನಿ."

ನರ್ಸಮ್ಮ ಹಲಗೆ ನೋಡಿದಳು. ತನ್ನ ಚಪ್ಪಲಿ ನೋಡಿಕೊಂಡಳು. "ಅಂಗೈ ಬಿಳಚಿದ್ರೆ ಮಾತ್ರ ಚೀಟಿ ಕಣಮ್ಮ. ನಿಮ್ಮ ಓಣೀಲಿ ಮೂರು ವರ್ಷದಿಂದ ಒಂದು ಮಗೂಗೂ ರಕ್ತ ಕಮ್ಮಿ ಇಲ್ಲ. ಬೇರೆ ಕಡೆ ಎಲ್ಲಾ ಅರ್ಧಕ್ಕರ್ಧ ಮಕ್ಕಳು ಬಿಳಚ್ಕೊಂಡಿದಾವೆ. ನೀವೇ ಮುಂದೆ. ಮುಂದಿನ ತಿಂಗಳು ದೊಡ್ಡ ಡಾಕ್ಟ್ರೇ ನೋಡೋಕೆ ಬರ್ತಾರೆ, ಗೊತ್ತಾ?"

ಪಕ್ಕದ ಮನೆಯವಳು ಅಲ್ಲೇ ನಿಂತು ಕೇಳುತ್ತಿದ್ದಳು. ಕಳೆದ ವರ್ಷ ಅವಳ ದೊಡ್ಡ ಮಗು ಬರೀ ಜ್ವರಕ್ಕೆ ಹೋಯಿತು. ಎರಡೇ ದಿನ. ಬೇರೆ ಮಕ್ಕಳು ಎದ್ದು ಆಡುವಂಥ ಜ್ವರ ಅದು. ನರ್ಸಮ್ಮನ ಪುಸ್ತಕದಲ್ಲಿ ಆ ಮಗುವಿಗೂ ರಕ್ತ ಸರಿ ಇದೆ ಅಂತಲೇ ಇತ್ತು. ಅವಳು ಬಾಯಿ ಬಿಡಲಿಲ್ಲ. ಈಗ ಅವಳ ಮನೆಯಲ್ಲಿ ಉಳಿದಿರುವುದು ಒಂದೇ ಗೂಟ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ಇಲ್ಲಿ ಅಂಗೈಯೇ ಸುಳ್ಳು ಹೇಳುತ್ತಿತ್ತು.

ಹಿಂಡುವವಳು ತೊಳೆದಳು. ಸೋಪು ಹಾಕಿ ತೊಳೆದಳು, ಬೂದಿ ಹಾಕಿ ತಿಕ್ಕಿದಳು, ಹಂಚಿನ ಚೂರಿನಲ್ಲಿ ಉಜ್ಜಿದಳು. ಮಗು ಅಳಲಿಲ್ಲ, ಅಳುವುದಕ್ಕೂ ಅದರಲ್ಲಿ ಉಸಿರಿರಲಿಲ್ಲ. ಬಣ್ಣ ಹಾಗೇ ಇತ್ತು. ಅತ್ತೆ ಕಾರ್ಖಾನೆಯ ಹಿಂದಿನಿಂದ ಒಂದು ಚೊಂಬು ಬಣ್ಣ ಕೀಳುವ ನೀರು ತಂದಳು. ಬಣ್ಣ ತಪ್ಪಿದ ನೂಲನ್ನು ಅದರಲ್ಲಿ ಅದ್ದಿ ಬೆಳ್ಳಗೆ ಮಾಡುತ್ತಾರೆ.

"ಒಂದ್ಸಲ ಅದ್ದಿ ತೆಗಿ. ಹೋಗುತ್ತೆ."

ಹಿಂಡುವವಳು ಮೊದಲು ತನ್ನ ಕಿರುಬೆರಳು ಅದ್ದಿದಳು. ಬಣ್ಣ ಹೋಯಿತು. ಜೊತೆಗೆ ತೊಗಲೂ ಹೋಯಿತು. ಚೊಂಬನ್ನು ಹೊರಗೆ ಒಯ್ದು ಚರಂಡಿಗೆ ಸುರಿದಳು. ಅತ್ತೆ ಮುಖ ಆಚೆ ತಿರುಗಿಸಿಕೊಂಡು ಕೂತಳು.

ಮಾರನೆಯ ದಿನ ಅವಳು ಒಬ್ಬಳೇ ಕೆಲಸಕ್ಕೆ ಬಂದಳು.

"ಗೂಟ ಎಲ್ಲಿ?" ಅಂದ ಮೇಸ್ತ್ರಿ.

"ಮನೇಲಿ."

"ಉಂಡೆ ಹೆಂಗೆ ಸುತ್ತುತೀಯ?"

ಹಿಂಡುವವಳು ನೆಲದ ಮೇಲೆ ಕೂತಳು. ಮೊಣಕಾಲು ಎರಡನ್ನೂ ಎತ್ತಿ ಅಗಲಿಸಿ, ಸೀರೆ ಒತ್ತಿ ಸಿಕ್ಕಿಸಿ, ಹಸಿ ಲಡಿಯನ್ನು ಅದಕ್ಕೆ ತೊಡಿಸಿದಳು. ಗಂಡಸರು ಓಡಾಡುವ ಜಾಗ. ಯಾರೋ ಹಲ್ಲು ಕಿಸಿದ. ಅವಳು ತಲೆ ಎತ್ತಲಿಲ್ಲ. ಸುತ್ತಿದಳು. ಮಧ್ಯಾಹ್ನದ ಹೊತ್ತಿಗೆ ತೊಡೆಯ ನರ ಹಿಡಿದುಕೊಂಡು ನಡುಗತೊಡಗಿತು. ಕೈಯಿಂದ ಗುದ್ದಿ ಗುದ್ದಿ ಮತ್ತೆ ಎತ್ತಿ ನಿಲ್ಲಿಸಿದಳು. ಸಂಜೆಗೆ ಆಗಿದ್ದು ಎಲ್ಲರಿಗಿಂತ ಅರ್ಧ ಕೆಲಸ.

ಅವಳ ಗಂಡ ಬಾಯ್ಲರಿಗೆ ಸೌದೆ ಹಾಕುವವನು. "ಬಡವನ ಕೋಪ ದವಡೆಗೆ ಮೂಲ," ಅಂದ. ಹಾಗೆ ಅಂದವನೇ ಮೂರನೆಯ ದಿನ ಎರಡು ಕಟ್ಟಿಗೆ ತಂದು ಅವಳ ಮುಂದೆ ನೆಲಕ್ಕೆ ಹುಗಿದು ಹೋದ. ಮೇಸ್ತ್ರಿ ಬಂದು ಕಾಲಲ್ಲಿ ಒದ್ದು ಕಿತ್ತ. ಸೌದೆ ಕಾರ್ಖಾನೆಯದಂತೆ. ಸೌದೆ ಕಾರ್ಖಾನೆಯದು, ನೂಲು ಕಾರ್ಖಾನೆಯದು, ಬಾನಿ ಕಾರ್ಖಾನೆಯದು. ಮಕ್ಕಳು ಮಾತ್ರ ನಮ್ಮವು, ಅಂತ ಅವಳು ತನ್ನಷ್ಟಕ್ಕೇ ಹೇಳಿಕೊಂಡಳು. ಮತ್ತೆ ಮೊಣಕಾಲು ಎತ್ತಿದಳು.

ಐದನೆಯ ದಿನ ಇಲಿಯ ಬೆರಳ ತುದಿಯಲ್ಲಿ ಬಣ್ಣ ಬಿಡತೊಡಗಿತು. ಎಂಟನೆಯ ದಿನ ಅಂಗೈಯ ಉಬ್ಬಿನಲ್ಲೂ ಬಿಟ್ಟಿತು. ಹಿಂಡುವವಳು ದಿನಾ ಕೆಲಸದಿಂದ ಬಂದು ಬಾಗಿಲ ಬೆಳಕಿನಲ್ಲಿ ಮಗುವಿನ ಕೈ ಹಿಡಿದು ನೋಡುತ್ತಿದ್ದಳು. ಒಳಗೊಳಗೇ ಅವಳಿಗೆ ಒಂದು ಆಸೆ ಇತ್ತು. ಕೆಂಪು ಹೋದ ಮೇಲೆ ಕೆಳಗೆ ಒಂದಿಷ್ಟು ಗುಲಾಬಿ ಕಾಣಲಿ. ನರ್ಸಮ್ಮ ಹೇಳಿದ್ದೇ ನಿಜವಾಗಲಿ, ತಾನೇ ಸುಳ್ಳಾಗಲಿ.

ಹದಿಮೂರನೆಯ ದಿನ ಪೂರ್ತಿ ಬಿಟ್ಟಿತು. ಕೆಳಗೆ ಗುಲಾಬಿ ಇರಲಿಲ್ಲ. ಏನೂ ಇರಲಿಲ್ಲ. ಅಂಗೈಯ ಗೆರೆಗಳೂ ಬೆಳ್ಳಗಿದ್ದವು. ಅದು ತಿಂದ ಗೋಡೆಯ ಬಣ್ಣವೇ ಅದರ ಕೈಗೆ ಬಂದಿತ್ತು. ಅವಳು ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳಿಗೆ ಭಯವಾಯಿತು. ಸತ್ತವರ ಕೈ ಅವಳು ನೋಡಿದ್ದಳು.

ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ನೋಡಿದರು. ಹಿಂದಕ್ಕೆ ಹೋಗಿ ತಮ್ಮ ತಮ್ಮ ಮಕ್ಕಳ ಅಂಗೈ ನೋಡಿದರು. ಕೆಂಪಗಿತ್ತು. ಮೊದಲ ಸಲ ಆ ಕೆಂಪು ನೋಡಿ ಅವರಿಗೆ ಹೆದರಿಕೆ ಆಯಿತು. ನಾಲ್ಕೈದು ಜನ ಮಾರನೆಯ ದಿನದಿಂದ ಮಕ್ಕಳನ್ನು ಮನೆಯಲ್ಲೇ ಬಿಟ್ಟರು. ಉಂಡೆಗಳು ಕಮ್ಮಿಯಾದವು. ಮೇಸ್ತ್ರಿಗೆ ವಾಸನೆ ಹತ್ತಿತು.

ಡಾಕ್ಟರು ಬರುವ ಹಿಂದಿನ ದಿನ ಓಣಿಯ ಬಾಯಿಯಲ್ಲಿದ್ದ ಗೋಡೆಗೆ ಹೊಸ ಸುಣ್ಣ ಬಿತ್ತು. ಸುಣ್ಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು: ಈ ಓಣಿಯಲ್ಲಿ ರಕ್ತಹೀನ ಮಕ್ಕಳಿಲ್ಲ. ಅತ್ತೆಗೆ ಓದು ಬಾರದು. ಓದಿಸಿ ಕೇಳಿಕೊಂಡಳು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಅಂದಳು.

ಬೆಳಿಗ್ಗೆ ಮೇಸ್ತ್ರಿ ಒಂದು ಬಕೆಟ್ ತಂದು ಗೋಡೆಯ ಮುಂದೆ ಇಟ್ಟ. ಬಿಸಿ ಆರಿದ ಕೆಂಪು ಬಣ್ಣ. ತಾಯಂದಿರನ್ನೆಲ್ಲ ಮಕ್ಕಳ ಜೊತೆ ಸಾಲಾಗಿ ನಿಲ್ಲಿಸಿದ.

"ಒಂದ್ಸಲ ಅದ್ದಿ ತೆಗೀರಿ. ಕೆಲವು ಮಾಸಿದಾವೆ. ನೋಡೋಕೆ ಚೆನ್ನಾಗಿರಬೇಕು."

ಪಕ್ಕದ ಮನೆಯವಳು ತನ್ನ ಎರಡು ವರ್ಷದ ಮಗುವಿನ ಕೈ ಅದ್ದಿದಳು. ಅದಕ್ಕೆ ಖುಷಿ, ಬಕೆಟ್ಟಿನಲ್ಲಿ ಚಪಚಪ ಬಡಿಯಿತು. ಅವಳ ಹಿಂದಿನವಳು ಅದ್ದಿದಳು. ಇಷ್ಟು ದಿನ ಮಕ್ಕಳನ್ನು ಮನೆಯಲ್ಲೇ ಬಿಟ್ಟಿದ್ದವರೂ ಅದ್ದಿದರು. ಹಿಂಡುವವಳ ಸರದಿ ಬಂತು.

"ನನ್ನ ಮಗು ಅದ್ದಲ್ಲ."

"ಹಾಗಾದ್ರೆ ಒಳಗೆ ಹಾಕಿ ಚಿಲಕ ಹಾಕು. ಡಾಕ್ಟ್ರು ಹೋದ್ಮೇಲೆ ತೆಗಿ."

"ಚಿಲಕಾನೂ ಹಾಕಲ್ಲ."

ಮೇಸ್ತ್ರಿ ಕೂಗಾಡಲಿಲ್ಲ. ಅವನಿಗೆ ಕೂಗುವ ಅಗತ್ಯ ಇರಲಿಲ್ಲ. "ಇವತ್ತಿಂದ ನಿನಗೆ ಕೆಲಸ ಇಲ್ಲ," ಅಂದ.

"ಸರಿ."

ಸರಿ ಅಂದ ಮೇಲೆ ಅವಳ ಕಾಲು ನಡುಗಿತು. ಮೊಣಕಾಲಲ್ಲಿ ಉಂಡೆ ಸುತ್ತಿದ ಕಾಲು. ಅದಕ್ಕೆ ನಡುಗಿ ಅಭ್ಯಾಸವಾಗಿತ್ತು. ಅವಳು ಮಗುವಿನ ಕೈ ಹಿಡಿದು ಸಾಲಿನ ಕೊನೆಯಲ್ಲಿ ನಿಂತಳು.

ಡಾಕ್ಟರು ಬಂದರು. ವಯಸ್ಸಾದವರು, ದಣಿದ ಮುಖ. ಗೋಡೆ ನೋಡಲು ಹಲಗೆ ದಾಟಿ ಈಚೆ ಬಂದರು. ಹಿಂದೆಯೇ ನರ್ಸಮ್ಮನೂ ಬಟ್ಟೆ ಎತ್ತಿ ಹಿಡಿದುಕೊಂಡು ದಾಟಬೇಕಾಯಿತು.

"ಕೈ ಎತ್ತಿ," ಅಂದಳು.

ಐವತ್ತೆರಡು ಕೆಂಪು. ಎರಡು ಬಿಳಿ.

"ಆ ಕೊನೇ ಮಗೂಗೆ ಏನಾಗಿದೆ?" ಅಂದರು ಡಾಕ್ಟರು.

"ಹೊಸದಾಗಿ ಬಂದವರಿರಬೇಕು ಸಾರ್," ಅಂದಳು ನರ್ಸಮ್ಮ.

ಡಾಕ್ಟರು ಹತ್ತಿರ ಬಂದು ಇಲಿಯ ಅಂಗೈ ನೋಡಿದರು, ತುಟಿ ನೋಡಿದರು. ಅಲ್ಲೇ ನಿಂತು ಚೀಟಿ ಬರೆದು ಹಿಂಡುವವಳ ಕೈಗೆ ಕೊಟ್ಟರು. "ನಾಳೇನೇ ಆಸ್ಪತ್ರೆಗೆ ಕರ್ಕೊಂಡು ಬಾಮ್ಮ. ತಡ ಮಾಡಬೇಡ. ಉಳಿದವು ಆರೋಗ್ಯವಾಗಿದಾವೆ, ಒಳ್ಳೇದು."

ಚೀಟಿ ಕೈಯಲ್ಲಿತ್ತು. ಇಷ್ಟು ದಿನ ಮೊಣಕಾಲು ಎತ್ತಿ ಕೂತದ್ದು ಇದಕ್ಕೇ. ಮಡಚಿ ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋಗಬಹುದಿತ್ತು. ಪಕ್ಕದ ಮನೆಯವಳ ಮಗು ಇನ್ನೂ ಕೈ ಎತ್ತಿಕೊಂಡೇ ನಿಂತಿತ್ತು. ಅದರ ಮೊಣಕೈಯಿಂದ ಹಸಿ ಬಣ್ಣ ತೊಟ್ಟಿಕ್ಕುತ್ತಿತ್ತು.

"ಇವಕ್ಕೆ ಚೀಟಿ ಇಲ್ವಾ ಡಾಕ್ಟ್ರೇ?"

"ಇವಕ್ಕೆ ಯಾಕಮ್ಮ, ಕೆಂಪಗಿದಾವಲ್ಲ."

ಹಿಂಡುವವಳು ಆ ಮಗುವಿನ ಮಣಿಕಟ್ಟು ಹಿಡಿದಳು. ಗೋಡೆಯ ಹತ್ತಿರ ಎಳೆದುಕೊಂಡು ಹೋದಳು. ಅಂಗೈಯನ್ನು ಹೊಸ ಸುಣ್ಣದ ಮೇಲೆ, ಅಕ್ಷರಗಳ ಕೆಳಗೆ ಒತ್ತಿದಳು. ತೆಗೆದಾಗ ಗೋಡೆಯ ಮೇಲೆ ಒಂದು ಕೆಂಪು ಕೈ ಇತ್ತು.

"ಏ, ಗೋಡೆ," ಅಂದ ಮೇಸ್ತ್ರಿ.

"ಇದು ರಕ್ತ ಅಲ್ಲ ಡಾಕ್ಟ್ರೇ. ಬಕೆಟ್ಟಿನ ಬಣ್ಣ. ಈಗಷ್ಟೇ ಅದ್ದಿಸಿದಾರೆ."

ಆಮೇಲೆ ಪಕ್ಕದ ಮನೆಯವಳು ಮುಂದೆ ಬಂದಳು. ತನ್ನ ಮಗುವಿನ ಇನ್ನೊಂದು ಕೈಯನ್ನು ತಾನೇ ಹಿಡಿದು ಗೋಡೆಗೆ ಒತ್ತಿದಳು. "ನನ್ನ ದೊಡ್ಡದಕ್ಕೂ ಹಿಂಗೇ ಕೆಂಪಗಿತ್ತು," ಅಂದಳು. ಒಂದು ವರ್ಷದ ಮೇಲೆ ಅವಳು ಆ ಮಗುವಿನ ಮಾತೆತ್ತಿದ್ದು ಅದೇ ಮೊದಲು.

ಮಕ್ಕಳಿಗೆ ಇದೊಂದು ಆಟ ಅನ್ನಿಸಿತು. ಒಂದನ್ನೊಂದು ಅಟ್ಟಿಸಿಕೊಂಡು ಬಂದು ಗೋಡೆಗೆ ಕೈ ಬಡಿದವು. ಮೇಸ್ತ್ರಿ ಒಂದನ್ನು ಹಿಡಿದರೆ ನಾಲ್ಕು ನುಸುಳಿದವು. ಇಲಿಯೂ ಹೋಯಿತು. ಎರಡೂ ಅಂಗೈ ಅಗಲಿಸಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿತು. ತೆಗೆದು ನೋಡಿತು. ಗೋಡೆಯ ಮೇಲೆ ಏನೂ ಇರಲಿಲ್ಲ. ತಿರುಗಿ ಅಮ್ಮನ ಮುಖ ನೋಡಿತು.

ಡಾಕ್ಟರು ಕುಕ್ಕರುಗಾಲಲ್ಲಿ ಕೂತರು. ಪಕ್ಕದ ಮನೆಯವಳ ಮಗುವನ್ನು ಹತ್ತಿರಕ್ಕೆ ಕರೆದು ಅದರ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಲ್ಲಿ ಇಳಿಸಿ ನೋಡಿದರು. ಇನ್ನೊಂದು ಮಗುವನ್ನು ಕರೆದರು. ಮತ್ತೊಂದನ್ನು. ಬೆರಳಿಗೆ ಬಣ್ಣ ಹತ್ತಿತು, ಒರೆಸಿಕೊಳ್ಳಲಿಲ್ಲ.

"ಪುಸ್ತಕ ಕೊಡಿ," ಅಂದರು. ನರ್ಸಮ್ಮ ಪುಸ್ತಕ ಚಾಚಿದಳು.

ಇಲಿಯ ಸರದಿ ಬಂದಾಗ ಕೇಳಿದರು, "ಇದು ಮಣ್ಣು ಗಿಣ್ಣು ತಿನ್ನುತ್ತಾ?"

"ಸುಣ್ಣ ತಿನ್ನುತ್ತೆ. ಎಷ್ಟು ಹೊಡೆದ್ರೂ ಬಿಡಲ್ಲ."

"ಹೊಡೀಬೇಡಮ್ಮ. ಅದು ಚಟ ಅಲ್ಲ. ರಕ್ತ ಕಮ್ಮಿಯಾದ ಮಕ್ಕಳು ಹಾಗೆ ತಿನ್ನುತ್ತಾವೆ."

ಹಿಂಡುವವಳು ತನ್ನ ಕೈ ನೋಡಿಕೊಂಡಳು. ಆ ಕೈಯನ್ನು ಎಲ್ಲಿಡಬೇಕು ಅಂತ ಅವಳಿಗೆ ತಿಳಿಯಲಿಲ್ಲ. ಡಾಕ್ಟರು ಹೇಳುತ್ತಲೇ ಇದ್ದರು. ಬಸುರಿನಲ್ಲೇ ತಾಯಿಗೆ ರಕ್ತ ಸಾಲದಿದ್ದರೆ ಮಗು ಕಮ್ಮಿ ಇಟ್ಟುಕೊಂಡೇ ಹುಟ್ಟುತ್ತದೆ. ಬರೀ ಗಂಜಿಯಲ್ಲಿ ಕಬ್ಬಿಣದ ಅಂಶ ಇಲ್ಲ, ಇದ್ದ ಚೂರನ್ನೂ ಟೀ ಮೈಗೆ ಹತ್ತಲು ಬಿಡುವುದಿಲ್ಲ. ಬರಿಗಾಲಲ್ಲಿ ಇಂಥ ಕೊಳಕು ಕೆಸರಲ್ಲಿ ನಿಂತರೆ ಹುಳ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಅವರು ರೋಗದ ಕಾರಣ ಹೇಳುತ್ತಿದ್ದರು. ಅವಳಿಗೆ ಅದು ತನ್ನ ಮನೆಯ ವಿಳಾಸ ಹೇಳಿದ ಹಾಗೆ ಕೇಳಿಸಿತು.

"ಇದನ್ನ ನನಗ್ಯಾಕೆ ಹೇಳ್ತೀರಿ," ಅಂದಳು. ಮೇಸ್ತ್ರಿಯ ಕಡೆ ಕೈ ತೋರಿಸಿದಳು. "ಅವರಿಗೆ ಹೇಳಿ. ಟೀ ಅವರದು. ಕೆಸರು ಅವರದು. ನಮ್ಮ 'ಸುಮ್ನೆ ನಿಂತಿರೋ' ಮಕ್ಕಳ ಕೈಗೆ ಲಡಿ ತೊಡಿಸೋ ಹಾಗೆ ಮಾಡೋರೂ ಅವರೇ. ಹೆಂಗೆ ನಿಲ್ಲಿಸ್ತೀರಿ ಅಂತ ಕೇಳಿ."

ಮೇಸ್ತ್ರಿ ಕಾರ್ಖಾನೆಯ ಗೇಟಿನ ಕಡೆ ನೋಡಿದ. ಅಲ್ಲಿಂದ ಯಾರೂ ಬರಲಿಲ್ಲ.

ಡಾಕ್ಟರು ಸಾಲಿನ ಉದ್ದ ನೋಡಿದರು. "ಎಲ್ಲರನ್ನೂ ಸರಿಯಾಗಿ ನೋಡ್ಬೇಕು ಅಂದ್ರೆ ಸಂಜೆ ಆಗುತ್ತಮ್ಮ."

"ಆಗಲಿ. ನನಗಂತೂ ಇವತ್ತು ಕೆಲಸ ಇಲ್ಲ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಪಕ್ಕದ ಮನೆಯವಳು ಅವಳ ಹತ್ತಿರ ಬಂದು ಕೂತಳು. ಕೆಲಸದ ಗಂಟೆ ಹೊಡೆಯಿತು. ಕೆಲವರು ಎದ್ದು ಹೋದರು, ಕೆಲವರು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಮಕ್ಕಳನ್ನು ನೋಡಿಯಾಗಿತ್ತು. ಹದಿನಾರರ ಹೆಸರಿನ ಮುಂದೆ ಹಳೆಯ ಗೀಟು ಹೊಡೆದುಹಾಕಿ ಬೇರೆ ಬರೆದಿದ್ದರು. ಇನ್ನೂ ಎಂಟು ಬಾಕಿ ಇದ್ದವು. ನಾಳೆ ಒಲೆಗೆ ಏನು ಇಡುವುದು ಅಂತ ಹಿಂಡುವವಳಿಗೆ ಗೊತ್ತಿರಲಿಲ್ಲ.

ಇಲಿ ಗೋಡೆಯ ಬುಡಕ್ಕೆ ಹೋಗಿತ್ತು. ಹೊಸ ಸುಣ್ಣ. ರಕ್ತಹೀನ ಅನ್ನುವ ಅಕ್ಷರದ ಅಂಚನ್ನು ಉಗುರಿನಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿತ್ತು.

"ನೋಡೇ, ಮತ್ತೆ ಶುರು ಮಾಡ್ತು," ಅಂದಳು ಅತ್ತೆ. "ಬರೆದಿದ್ದನ್ನೂ ಬಿಡ್ತಿಲ್ಲ."

ಹಿಂಡುವವಳು ಕೂತಲ್ಲಿಂದ ಏಳಲಿಲ್ಲ.

"ಆ ಗೋಡೆ ಒಂದು ತಿನ್ಲಿ ಬಿಡಿ ಅತ್ತೆ."